ಬಾಳೆ ಮೀನಿಗೆ ಗಾಳಕ್ಕೆ ಏನು ಚುಚ್ಚಬೇಕು? ಕೋಳಿ ಕರುಳಿಗೆ ಬರೀ ಗಿರ್ಲು ಬರುತ್ತಿದೆ

ಗೊರೂರು_ಹಿನ್ನೀರು
ಎಲ್ಲರಿಗೂ ನಮಸ್ಕಾರ. ಹೇಮಾವತಿ ಹಿನ್ನೀರಿನ ದಡದ ಊರು ನಮ್ಮದು. ರಾಗಿ ಹಿಟ್ಟು, ಮೈದಾ ಉಂಡೆಗೆ ಜಿಲೇಬಿ ಮೀನು (ಟಿಲಾಪಿಯಾ), ಕಾಟ್ಲಾ ಸಿಗುತ್ತವೆ, ಅದರಲ್ಲಿ ತಕರಾರಿಲ್ಲ. ನನಗೆ ಬೇಕಿರುವುದು ಬಾಳೆ ಮೀನು, ಮೀಸೆ ಇರುವ ಕ್ಯಾಟ್‌ಫಿಶ್ ಜಾತಿಯದು. ಸಂಜೆ ಹೊತ್ತು ದಡದ ಹತ್ತಿರವೇ ಸಣ್ಣ ಮೀನುಗಳನ್ನು ಅಟ್ಟಿಸಿಕೊಂಡು ಬಂದು ದಬಾರ್ ಅಂತ ನೀರು ಹೊಡೆಯುವುದು ಕಾಣುತ್ತದೆ. ನನ್ನ ಗಾಳದ ಕಡೆ ಮಾತ್ರ ತಿರುಗಿಯೂ ನೋಡುವುದಿಲ್ಲ.

ವಿಡಿಯೋಗಳಲ್ಲಿ ಎಲ್ಲರೂ ಹೇಳುವುದು ಒಂದೇ. ಮೀಸೆ ಇರುವ ಮೀನಿಗೆ ವಾಸನೆ ಬೇಕು, ಎಷ್ಟು ಕೊಳೆತರೆ ಅಷ್ಟು ಒಳ್ಳೆಯದು. ಸರಿ ಅಂತ ಕೋಳಿ ಅಂಗಡಿಯಿಂದ ಕರುಳು ತಂದು ಡಬ್ಬಿಗೆ ತುಂಬಿ ಬಿಸಿಲಿಗೆ ಇಟ್ಟೆ. ಮುಚ್ಚಳ ತೆಗೆದರೆ ಬೀದಿ ನಾಯಿಯೂ ಹತ್ತಿರ ಬರಲಿಲ್ಲ. ಅದಕ್ಕೆ ಸಿಕ್ಕಿದ್ದು ಬರೀ ಗಿರ್ಲು ಅನ್ನುವ ಸಣ್ಣ ಮೀಸೆ ಮೀನು ಮತ್ತು ಏಡಿ.

ಮೀನುಗಾರರ ಸಂಘದವರನ್ನು ಕೇಳಿಯೇ ಗಾಳ ಹಾಕುತ್ತಿದ್ದೇನೆ, ಆ ವಿಷಯದಲ್ಲಿ ಯಾರೂ ಬೈಯಬೇಡಿ. ಏನು ಚುಚ್ಚಬೇಕು, ಎಷ್ಟು ಆಳಕ್ಕೆ ಬಿಡಬೇಕು, ಯಾವ ಹೊತ್ತು? ತಿಳಿದವರು ಹೇಳಿ.

ಎರೆಹುಳ_ಏಜೆಂಟ್
ಎರೆಹುಳ. ಮಾತು ಮುಗೀತು.

ತುಂಗಾತೀರ
ಎರೆಹುಳಕ್ಕೆ ಮಾತು ಮುಗಿಯಲ್ಲ ಗುರು, ಗಿರ್ಲು ಜಾತ್ರೆ ಶುರುವಾಗುತ್ತದೆ ಅಷ್ಟೇ.

ಗೊರೂರಿನವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಸಣ್ಣ ಮೀನನ್ನು ಅಟ್ಟಿಸಿಕೊಂಡು ಬಂದು ಹೊಡೆಯುತ್ತದೆ ಅಂತ ನೀವೇ ಬರೆದಿದ್ದೀರಿ. ಹಾಗೆ ಬೇಟೆಯಾಡುವ ಮೀನಿಗೆ ಕೊಳೆತ ಕರುಳು ಯಾಕೆ? ಬಾಳೆ ಮೀನಿನ ಬಾಯಿ ಒಮ್ಮೆ ಬಿಡಿಸಿ ನೋಡಿ. ಸೀಳು ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತದೆ, ಒಳಗೆ ಸಾಲು ಸಾಲು ಸೂಜಿ ಹಲ್ಲು, ಎಲ್ಲವೂ ಒಳಮುಖ. ಕೆಸರು ನೆಕ್ಕುವ ಬಾಯಲ್ಲ ಅದು.

ನಾವು ಹಾಕುವುದು ಜೀವಂತ ಪಕ್ಕೆ ಮೀನು, ಬೆರಳುದ್ದದ್ದು. ಬೆನ್ನಿನ ರೆಕ್ಕೆಯ ಪಕ್ಕ ಚರ್ಮದ ಅಡಿ ಮಾತ್ರ ಗಾಳ ದಾಟಿಸಬೇಕು, ಬೆನ್ನುಮೂಳೆಗೆ ತಾಗಬಾರದು. ತಾಗಿದರೆ ಮೀನು ಮಗುಚಿಕೊಳ್ಳುತ್ತದೆ. ಸರಿಯಾಗಿ ಚುಚ್ಚಿದ ಪಕ್ಕೆ ಗಂಟೆಗಟ್ಟಲೆ ಅಲ್ಲೇ ಸುತ್ತುತ್ತಾ ಇರುತ್ತದೆ, ಬೆಂಡು ಸಣ್ಣಗೆ ನಡುಗುತ್ತಾ ಇರುತ್ತದೆ. ಒಮ್ಮೆಲೇ ಆ ನಡುಕ ಜೋರಾಯಿತು ಅಂದರೆ ಬಾಳೆ ಹತ್ತಿರ ಬಂದಿದೆ ಅಂತ ಅರ್ಥ. ಆಗ ಬೀಡಿ ಪಕ್ಕಕ್ಕಿಡಿ.

ಮಂಡ್ಯ_ನಾಲೆ
ಒಪ್ಪಲ್ಲ. ನಮ್ಮ ಕಡೆ ನಾಲೆಯಲ್ಲಿ ಕೋಳಿ ಕರುಳಿಗೇ ಮೂರು, ನಾಲ್ಕು ಕೆಜಿ ಕ್ಯಾಟ್‌ಫಿಶ್ ಎಳೆದಿದ್ದೇವೆ. ವಾಸನೆ ಜಾಸ್ತಿ ಇದ್ದಷ್ಟೂ ಬೇಗ ಬರುತ್ತದೆ. ಜೀವಂತ ಮೀನು ಹಿಡಿದು, ಬಕೆಟ್ಟಿನಲ್ಲಿ ಸಾಕಿ, ಚುಚ್ಚಿ... ಅಷ್ಟು ಪುರುಸೊತ್ತು ಯಾರಿಗಿದೆ?

ತುಂಗಾತೀರ
@ಮಂಡ್ಯ_ನಾಲೆ ಗೌಡ್ರೇ, ನೀವು ಎಳೆದ ಮೀನಿನ ತಲೆ ಚಪ್ಪಟೆ ಇತ್ತಾ? ನಾಲ್ಕು ಜೊತೆ ಮೀಸೆ ಇತ್ತಾ? ಬೆನ್ನ ಮೇಲೆ ಉದ್ದಕ್ಕೂ ರೆಕ್ಕೆ ಇತ್ತಾ?

ಮಂಡ್ಯ_ನಾಲೆ
ಹೂಂ. ಕಪ್ಪಗೆ, ಮೈ ತುಂಬಾ ಮಚ್ಚೆ.

ತುಂಗಾತೀರ
ಹಾಗಾದರೆ ಅದು ಆಫ್ರಿಕನ್ ಕ್ಯಾಟ್‌ಫಿಶ್. ಬಾಳೆಗೆ ಎರಡೇ ಜೊತೆ ಮೀಸೆ, ಬೆನ್ನ ರೆಕ್ಕೆ ಚಿಕ್ಕದು, ಹೊಟ್ಟೆ ಕಡೆ ರೆಕ್ಕೆ ಬಾಲದವರೆಗೂ ಉದ್ದ, ಮೈ ಬೆಳ್ಳಗೆ ಹೊಳೆಯುತ್ತದೆ. ಎರಡೂ ಮೀಸೆ ಬಿಟ್ಟಿವೆ ಅನ್ನುವುದೊಂದೇ ನೆಂಟಸ್ತಿಕೆ. ಇದರ ಊಟ ಬೇರೆ, ಅದರ ಊಟ ಬೇರೆ.

ಆಸ್ಟಿನ್_ಅಣ್ಣ
ಇದು ಸರಿಯಾದ ಮಾತು. ನಾನು ಟೆಕ್ಸಾಸ್‌ನಲ್ಲಿ ಇದ್ದೇನೆ. ಇಲ್ಲಿ ಕ್ಯಾಟ್‌ಫಿಶ್ ಗಾಳ ಅಂದರೆ ಒಂದು ಧರ್ಮ. ಆ ವಿಡಿಯೋಗಳ ಮೂಲವೂ ಬಹುಪಾಲು ಇಲ್ಲಿಯದ್ದೇ. ಇಲ್ಲಿ ಮುಖ್ಯವಾಗಿ ಮೂರು ಜಾತಿ. ಚಾನೆಲ್ ಕ್ಯಾಟ್‌ಫಿಶ್‌ಗೆ ಕೋಳಿ ಲಿವರ್, ರಕ್ತ, ಚೀಸ್ ಕೊಳೆಸಿ ಮಾಡಿದ ಗಬ್ಬು ಪೇಸ್ಟು, ಎಲ್ಲಾ ನಡೆಯುತ್ತದೆ. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಮಾರುತ್ತಾರೆ. ಬ್ಲೂ ಕ್ಯಾಟ್‌ಫಿಶ್‌ಗೆ ಆಗತಾನೇ ಕೊಯ್ದ ಶ್ಯಾಡ್ ಮೀನಿನ ತುಂಡು. ಫ್ಲಾಟ್‌ಹೆಡ್ ಅಂತ ಇನ್ನೊಂದಿದೆ, ಅದಕ್ಕೆ ಜೀವಂತ ಮೀನೇ ಆಗಬೇಕು. ನಮ್ಮ ಬಾಳೆಯ ಸ್ವಭಾವ ಈ ಫ್ಲಾಟ್‌ಹೆಡ್‌ಗೆ ಹತ್ತಿರ. ಚಾನೆಲ್ ಕ್ಯಾಟ್‌ಫಿಶ್‌ಗೆ ಹೇಳಿದ ಪಾಠವನ್ನು ಹೇಮಾವತಿಗೆ ತಂದರೆ ಏಡಿಗೆ ಹಬ್ಬ.

ಅಂದಹಾಗೆ ಇಲ್ಲಿ ಲೈಸೆನ್ಸ್ ಇಲ್ಲದೆ ಗಾಳ ಹಾಕುವ ಹಾಗಿಲ್ಲ. ವಾರ್ಡನ್ ದಡಕ್ಕೇ ಬಂದು ಕೇಳುತ್ತಾನೆ.

ಸುಮ್ನೆ_ಓದುವವಳು
ಸೋಪಿಗೆ ಕ್ಯಾಟ್‌ಫಿಶ್ ಬರುತ್ತದಂತೆ, ನಿಜವಾ? ನಮ್ಮ ಮಾವ ಹೇಳಿದ್ದು.

ಆಸ್ಟಿನ್_ಅಣ್ಣ
ನಿಜ ಅಕ್ಕ. ಇಲ್ಲಿಯ ಹಳಬರು ಬಟ್ಟೆ ಸೋಪಿನ ತುಂಡು ಚುಚ್ಚುತ್ತಾರೆ. ಪ್ರಾಣಿ ಕೊಬ್ಬಿನಿಂದ ಮಾಡಿದ ಸೋಪು ಆಗಬೇಕು. ಘಮಘಮ ಸೋಪು ಹಾಕಿದರೆ ಮೀನು ಬರಲ್ಲ, ಮೀನು ಹಿಡಿಯುವವನ ಕೈ ಮಾತ್ರ ಶುದ್ಧವಾಗುತ್ತದೆ.

ಮೀನು_ಕಾಲೇಜು
ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ವಾಸನೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ‘ನಾತ’ ಮತ್ತು ‘ರುಚಿ’ ಎರಡನ್ನೂ ಒಂದೇ ಮಾಡುತ್ತಿದ್ದೀರಿ.

ಈ ಮೀನುಗಳಿಗೆ ರುಚಿ ತಿಳಿಯುವ ಮೊಗ್ಗುಗಳು ಬಾಯಲ್ಲಷ್ಟೇ ಅಲ್ಲ, ಮೀಸೆಯಲ್ಲಿ, ತುಟಿಯಲ್ಲಿ, ಮೈ ಚರ್ಮದ ಮೇಲೂ ಇರುತ್ತವೆ. ಚಾನೆಲ್ ಕ್ಯಾಟ್‌ಫಿಶ್‌ನಲ್ಲಿ ಇವು 1 ಲಕ್ಷಕ್ಕೂ ಹೆಚ್ಚು. ಕತ್ತಲಲ್ಲಿ, ಕೆಂಪು ನೀರಿನಲ್ಲಿ ಊಟ ಹುಡುಕಲು ಅದೇ ದಾರಿ. ಅವಕ್ಕೆ ಚುರುಕಾಗಿ ತಾಗುವುದು ಅಮೈನೋ ಆಮ್ಲಗಳು. ಹಸಿ ಮಾಂಸ, ಹಸಿ ಮೀನು, ಎರೆಹುಳದ ರಸ ನೀರಿಗೆ ಬಿಡುವುದು ಅದನ್ನೇ. ಅಂದರೆ ಆಗತಾನೇ ಕತ್ತರಿಸಿದ ಮೀನಿನ ತುಂಡೇ ನೀರಿನಲ್ಲಿ ಚೆನ್ನಾಗಿ ‘ಕೂಗುತ್ತದೆ’. ನಮ್ಮ ಮೂಗಿಗೆ ನಾತ ಬಡಿದ ಮಾತ್ರಕ್ಕೆ ಮೀನಿಗೆ ಅದು ಊಟದ ಕರೆ ಆಗಬೇಕಾಗಿಲ್ಲ. ಆಫ್ರಿಕನ್ ಕೊಳೆತದ್ದನ್ನು ತಿನ್ನುತ್ತದೆ, ಹೌದು. ಅದು ಏನನ್ನು ತಿನ್ನುವುದಿಲ್ಲ ಹೇಳಿ?

ಇನ್ನೊಂದು. ಕೈಗೆ ಪೆಟ್ರೋಲು, ಸೊಳ್ಳೆ ಕ್ರೀಮು ಹಚ್ಚಿಕೊಂಡು ಎರೆ ಮುಟ್ಟಬೇಡಿ. ಮಣ್ಣಿನಲ್ಲಿ ಕೈ ಉಜ್ಜಿಕೊಳ್ಳಿ, ಸಾಕು.

ಹೊಸಪೇಟೆ_ಹೈದ
ನಮ್ಮ ಡ್ಯಾಮಿನ ಕಡೆ ಬಾಳೆಗೆ ಮೀನಿನ ತುಂಡೂ ಹಾಕ್ತಾರ್ರೀ. ಜೀವಂತದ್ದೇ ಬೇಕು ಅಂತ ಹಟ ಇಲ್ಲ. ಆದರೆ ಬೆಳಿಗ್ಗೆ ಹಿಡಿದ ಮೀನನ್ನು ಸಂಜೆ ಕೊಯ್ದು ಹಾಕಬೇಕು. ಹೊಟ್ಟೆ ಭಾಗ ಉದ್ದಕ್ಕೆ ಪಟ್ಟಿ ಮಾಡಿ, ಒಂದು ತುದಿಗೆ ಮಾತ್ರ ಗಾಳ ದಾಟಿಸಿ. ಹರಿಯುವ ನೀರಿನಲ್ಲಿ ಅದು ತಾನಾಗಿ ಅಲ್ಲಾಡುತ್ತದೆ ನೋಡ್ರಿ. ನಿಂತ ನೀರಿನಲ್ಲಿ ಇದು ಉಪಯೋಗ ಇಲ್ಲ. ಅಲ್ಲಿ ಜೀವಂತದ್ದೇ.

ಗೊರೂರು_ಹಿನ್ನೀರು
ಇಷ್ಟು ಬೇಗ ಇಷ್ಟೊಂದು ಉತ್ತರ ನಿರೀಕ್ಷೆ ಮಾಡಿರಲಿಲ್ಲ, ಥ್ಯಾಂಕ್ಸ್. ನಮ್ಮದು ನಿಂತ ನೀರು, ಮುಳುಗಿದ ಮರದ ಬೊಡ್ಡೆಗಳು ಜಾಸ್ತಿ. ಪಕ್ಕೆ ಬದಲು ಜಿಲೇಬಿ ಮರಿ ಆಗುತ್ತದಾ? ಅದು ಬೇಕಾದಷ್ಟಿದೆ.

ತುಂಗಾತೀರ
ಆಗುತ್ತದೆ. ಬೆನ್ನ ಮುಳ್ಳನ್ನು ಕತ್ತರಿಯಲ್ಲಿ ಸವರಿ ಹಾಕಿ. ಬೊಡ್ಡೆ ಇರುವ ಕಡೆ ತಳಕ್ಕೆ ಬಿಡಬೇಡಿ, ಜಿಲೇಬಿ ಸೀದಾ ಬೇರಿನ ಸಂದಿಗೆ ನುಗ್ಗಿ ದಾರ ಸುತ್ತಿಹಾಕುತ್ತದೆ. ಬೆಂಡು ಕಟ್ಟಿ ತಳದಿಂದ ಎರಡಡಿ ಮೇಲೆ ನಿಲ್ಲುವ ಹಾಗೆ ಮಾಡಿ. ಸೂರ್ಯ ಮುಳುಗುವ ಹೊತ್ತಿಗೆ ಗಾಳ ನೀರಲ್ಲಿರಬೇಕು. ಕತ್ತಲಾದ ಮೇಲೆ ಮೊದಲ ಎರಡು ಗಂಟೆ ಮುಖ್ಯ.

ಮೀನು_ಕಾಲೇಜು
ಅದೇ ನೀರಿನ ಮರಿಯನ್ನೇ ಬಳಸಿ. ಒಂದು ಕೆರೆಯ ಮರಿಯನ್ನು ಇನ್ನೊಂದು ಕೆರೆಗೆ ಒಯ್ದು, ಮಿಕ್ಕಿದ್ದನ್ನು ಅಲ್ಲೇ ಸುರಿದು ಬರಬೇಡಿ. ಬೇಡದ ಮೀನು ಊರೂರು ಸೇರುವುದಕ್ಕೆ ಅದೂ ಒಂದು ದಾರಿ.

ಕಪ್ಪೆರಾಯ
ಇಷ್ಟೆಲ್ಲಾ ಯಾಕೆ? ಕಪ್ಪೆ ಚುಚ್ಚಿ. ನಮ್ಮ ತಾತ ಮಳೆಗಾಲದಲ್ಲಿ ಕಪ್ಪೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಬಾಳೆಗೂ ಆಗುತ್ತೆ, ಕೊರವ ಮೀನಿಗೂ (ಹಾವಿನ ತಲೆಯಂಥ ತಲೆಯದ್ದು) ಆಗುತ್ತೆ.

ಮೀನು_ಕಾಲೇಜು
ತಾತನ ಕಾಲ ಹೋಯಿತು ಸ್ವಾಮಿ. ಗದ್ದೆಯ ದೊಡ್ಡ ಕಪ್ಪೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಕಪ್ಪೆ ಕಾಲು ರಫ್ತನ್ನೇ 1987ರಲ್ಲಿ ನಿಲ್ಲಿಸಿದರು. ನಿಮಗೆ ಕಪ್ಪೆಯೇ ಬೇಕಿದ್ದರೆ ರಬ್ಬರಿನದ್ದು ಸಿಗುತ್ತದೆ, ಕೊರವ ಮೀನು ಅದನ್ನೂ ಬಿಡುವುದಿಲ್ಲ.

ಕಪ್ಪೆರಾಯ
ಹೆಸರು ಬದಲಾಯಿಸಿಕೊಳ್ಳಬೇಕು ಅನ್ನಿಸುತ್ತಿದೆ.

ಉಳ್ಳಾಲ_ಅಳಿವೆ
ಎಲ್ಲರೂ ಸಿಹಿನೀರಿನ ಬಗ್ಗೆಯೇ ಮಾತಾಡುತ್ತಿದ್ದೀರಿ ಮಾರಾಯ್ರೆ. ನಮ್ಮ ಅಳಿವೆಯಲ್ಲಿ ತೇಡೆ ಮೀನಿಗೆ (ಕಡಲಿನ ಕ್ಯಾಟ್‌ಫಿಶ್) ಸೀಗಡಿ ಅಥವಾ ಬೂತಾಯಿ ತುಂಡು. ಸೀಗಡಿ ಸಿಪ್ಪೆ ಸುಲಿದು ಹಾಕಿದರೆ ಸಣ್ಣ ಮೀನುಗಳು ಕ್ಷಣದಲ್ಲಿ ಖಾಲಿ ಮಾಡುತ್ತವೆ. ಸಿಪ್ಪೆ ಸಮೇತ, ಬಾಲದಿಂದ ಸುತ್ತಿ ಚುಚ್ಚಬೇಕು. ಇಳಿತದ ನೀರು ಶುರುವಾಗುವಾಗ ಒಳ್ಳೆಯ ಹೊತ್ತು.

ತೇಡೆಯ ಒಂದು ವಿಶೇಷ ಗೊತ್ತುಂಟಾ? ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು ಮರಿ ಮಾಡುತ್ತದೆ. ದೊಡ್ಡ ಗೋಲಿಯಷ್ಟು ಮೊಟ್ಟೆ. ಅಷ್ಟು ದಿನ ಅದು ಏನೂ ತಿನ್ನುವುದಿಲ್ಲ, ಹಾಗಾಗಿ ಗಾಳಕ್ಕೆ ಬೀಳುವುದಿಲ್ಲ. ಆದರೆ ಬಲೆಗೆ ಆ ದಾಕ್ಷಿಣ್ಯ ಇಲ್ಲ. ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಮೊಟ್ಟೆ ಹೊತ್ತ ಗಂಡುಗಳು ರಾಶಿಗಟ್ಟಲೆ ಸಿಕ್ಕಿ, ನಮ್ಮ ಕರಾವಳಿಯಲ್ಲಿ ತೇಡೆ ಇಳಿದುಹೋಯಿತು. ಮೊದಲು ಇದ್ದಷ್ಟು ಈಗ ಎಲ್ಲಿ ಉಂಟು?

ಮಂಡ್ಯ_ನಾಲೆ
ಸರಿ, ನನ್ನದು ಆಫ್ರಿಕನ್ ಅಂತ ಒಪ್ಪಿದೆ. ಆದರೆ ಕರುಳಿನ ಬಗ್ಗೆ ಗೊರೂರಿನವರಿಗೆ ಹೇಳುವುದಿದೆ. ಲಿವರ್ ಮಾತ್ರ ತರಬೇಡಿ. ಚಹಾಗೆ ಅದ್ದಿದ ಬಿಸ್ಕತ್ತಿನ ಹಾಗೆ ಎಸೆಯುವ ಮೊದಲೇ ಕಳಚುತ್ತದೆ. ತರಲೇಬೇಕಿದ್ದರೆ ಉಪ್ಪು ಸವರಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ, ಆಮೇಲೆ ಹೊಲಿಗೆ ದಾರದಲ್ಲಿ ನಾಲ್ಕು ಸುತ್ತು. ಕರುಳಾದರೆ ಈ ತಲೆನೋವಿಲ್ಲ. ಗೇಣುದ್ದ ತುಂಡು ತಗೊಂಡು, ಹಾವು ಸುತ್ತಿದಂತೆ ಮೂರ್ನಾಲ್ಕು ಕಡೆ ಗಾಳದಲ್ಲಿ ಪೋಣಿಸಿ, ಕೊನೆಗೆ ಒಂದಿಂಚು ಜೋತು ಬಿಡಿ. ಗಾಳದ ಮೊನೆ ಹೊರಗೆ ಕಾಣಬೇಕು. ಎಲ್ಲರೂ ಮೊನೆ ಮುಚ್ಚಿಬಿಡುತ್ತಾರೆ, ಆಮೇಲೆ ಮೀನು ಕಚ್ಚಿತು ಆದರೆ ಬೀಳಲಿಲ್ಲ ಅಂತ ಅಳುತ್ತಾರೆ.

ಕೆರೆ_ಕಾವಲು
@ಮಂಡ್ಯ_ನಾಲೆ ಆ ಆಫ್ರಿಕನ್ ಹಿಡಿದು ಏನು ಮಾಡಿದಿರಿ? ವಾಪಸ್ ಬಿಟ್ಟಿಲ್ಲ ತಾನೆ? ಕೇಂದ್ರ ಸರ್ಕಾರ 2000ದಲ್ಲೇ ಅದರ ಸಾಕಣೆ ನಿಷೇಧ ಮಾಡಿದೆ. ಆದರೂ ಹೊಂಡ ತೋಡಿ, ಕೋಳಿ ತ್ಯಾಜ್ಯ ಸುರಿದು ಸಾಕುವವರು ಇದ್ದೇ ಇದ್ದಾರೆ. ಮಳೆಗೆ ಹೊಂಡ ತುಂಬಿದರೆ ಮೀನು ನಾಲೆಗೆ, ನಾಲೆಯಿಂದ ಹೊಳೆಗೆ. ಗಾಳಿಯನ್ನೂ ಉಸಿರಾಡುವ ಮೀನದು, ಒದ್ದೆ ನೆಲದ ಮೇಲೆ ತೆವಳಿಕೊಂಡೇ ಹೋಗುತ್ತದೆ. ಹೊಳೆಗೆ ಸೇರಿದರೆ ಊರ ಮೀನಿನ ಮರಿ, ಮೊಟ್ಟೆ ಯಾವುದನ್ನೂ ಬಿಡುವುದಿಲ್ಲ.

ಮಂಡ್ಯ_ನಾಲೆ
ಬಿಡುವ ಮಾತೇ ಇಲ್ಲ. ಸಾರು ಮಾಡಿದೆವು. ಮಾಂಸ ಮೆತ್ತಗೆ, ಅಷ್ಟೇನೂ ರುಚಿ ಇಲ್ಲ.

ಕಾರ್ಮಿಕ_ಕಾಲೋನಿ
ರುಚಿ ಇಲ್ಲ ಅನ್ನುವವರು ತಿನ್ನಬೇಡಿ. ಸಂತೆಯಲ್ಲಿ ನಮ್ಮಂಥವರ ಕೈಗೆ ಎಟುಕುವ ಮೀನು ಅದೇ. ರೋಹು, ಕಾಟ್ಲಾ ರೇಟು ನೋಡಿದ್ದೀರಾ?

ಕೆರೆ_ಕಾವಲು
ತಿನ್ನುವವರ ಮೇಲೆ ನನಗೆ ಕೋಪ ಇಲ್ಲ ಅಣ್ಣ. ಕದ್ದು ಸಾಕಿ ಹೊಳೆಗೆ ಬಿಡುವವರ ಮೇಲೆ ಕೋಪ. ಗಾಳಕ್ಕೆ ಬಿದ್ದರೆ ದಯವಿಟ್ಟು ಎಲ್ಲರೂ ತಿಂದು ಮುಗಿಸಿ.

ಕಾರ್ಮಿಕ_ಕಾಲೋನಿ
ಅದಕ್ಕೆ ನಮ್ಮ ಮನೆಯಲ್ಲಿ ಯಾರ ವಿರೋಧವೂ ಇಲ್ಲ.

ಮಲ್ನಾಡ್_ಮಳೆ
ಗೊರೂರಿನವರು ಯಾವ ತಿಂಗಳಲ್ಲಿ ಹಾಕುತ್ತಿದ್ದಾರೆ ಅಂತ ಹೇಳಿಲ್ಲ. ಮುಂಗಾರಿನ ಮೊದಲ ನೀರಿಗೆ ಬಾಳೆ ಮೊಟ್ಟೆ ಇಡಲು ದಡಕ್ಕೆ, ಗದ್ದೆ ಬಯಲಿಗೆ ಹತ್ತುತ್ತದೆ. ನಮ್ಮ ಕಡೆ ಹತ್ತುಮೀನು ಅಂದರೆ ಹಬ್ಬ. ಕತ್ತಿ, ಕೋಲು, ಬುಟ್ಟಿ ಹಿಡಿದು ಇಡೀ ಊರು ತೋಡಿಗೆ ಇಳಿಯುತ್ತದೆ. ನಾನೂ ಇಳಿದು ಬೆಳೆದವನೇ. ಆದರೆ ಹೊಟ್ಟೆ ತುಂಬಾ ಮೊಟ್ಟೆ ಹೊತ್ತ ಮೀನನ್ನು ಆ ಹೊತ್ತಿಗೇ ಕಡಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ? ಬಾಳೆ ಮೀನು ಈಗ ಜಗತ್ತಿನ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಇದೆ. ಮಳೆ ಇಳಿದ ಮೇಲೆ, ದೀಪಾವಳಿ ಕಳೆದು ಹಾಕಿ.

ಕಪ್ಪೆರಾಯ
ಹತ್ತುಮೀನು ಹಿಡಿಯಬೇಡಿ ಅಂತ ಮಲೆನಾಡಿನವರಿಗೆ ಹೇಳುವುದೂ, ಮುದ್ದೆ ತಿನ್ನಬೇಡಿ ಅಂತ ಮಂಡ್ಯದವರಿಗೆ ಹೇಳುವುದೂ ಒಂದೇ. ಹೊಳೆಗೆ ಮದ್ದು ಸಿಡಿಸುವವರನ್ನು, ಬ್ಲೀಚಿಂಗ್ ಪೌಡರ್ ಸುರಿಯುವವರನ್ನು ಮೊದಲು ಹಿಡಿಯಿರಿ. ವರ್ಷಕ್ಕೊಮ್ಮೆ ಬುಟ್ಟಿ ಹಿಡಿದವನಿಂದ ಮೀನು ಮುಗಿಯಲಿಲ್ಲ.

ಮಲ್ನಾಡ್_ಮಳೆ
ಎರಡೂ ನಿಲ್ಲಬೇಕು ಅಂತ ನನ್ನ ವಾದ. ಮದ್ದು, ವಿಷ ಹಾಕುವುದಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲೇ ನಿರ್ಬಂಧ ಇದೆ. ಜಾರಿ ಮಾಡುವವರು ಬೇಕು ಅಷ್ಟೇ. ಮೊದಲು ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಒಂದು ಗುಂಡಿಯ ಮೀನು ಮಂಕಾಗುತ್ತಿತ್ತು. ಬ್ಲೀಚಿಂಗ್ ಪೌಡರ್‌ಗೆ ಮೈಲುಗಟ್ಟಲೆ ಏಡಿ, ಸೀಗಡಿ ಎಲ್ಲಾ ಸಾಯುತ್ತವೆ.

ಅರಕಲಗೂಡು_ಅಣ್ಣಯ್ಯ
ಗೊರೂರಿನವರೇ, ನಮ್ಮ ಪಕ್ಕದವರೇ ನೀವು. ಒಂದೇ ಮಾತು: ರಾಮನಾಥಪುರದ ಕಡೆ ಗಾಳ ಹಿಡಿದುಕೊಂಡು ಹೋಗಬೇಡಿ. ದೇವಸ್ಥಾನದ ಹತ್ತಿರ ಕಾವೇರಿಯಲ್ಲಿ ಮೀನುಧಾಮ ಇದೆ, ಅಲ್ಲಿಯ ಮೀನಿಗೆ ಪುರಿ ಹಾಕಿ ಕೈಮುಗಿದು ಬರಬೇಕು. ಶೃಂಗೇರಿಯಲ್ಲೂ ಅಷ್ಟೇ.

ಬೆಂಗ್ಳೂರ್_ರಾಡ್
ಕಾವೇರಿ ಅಂದಿದ್ದಕ್ಕೆ ನೆನಪಾಯಿತು. ಭೀಮೇಶ್ವರಿಯಲ್ಲಿ ಬಿಳಿಮೀನಿಗೆ (ಮಹಶೀರ್) ರಾಗಿ ಉಂಡೆ ಹಾಕುತ್ತಿದ್ದ ಕಾಲ ಎಷ್ಟು ಚೆನ್ನಾಗಿತ್ತು! ಹಿಡಿದು, ತೂಕ ಮಾಡಿ, ವಾಪಸ್ ಬಿಡುವುದು. ಅಭಯಾರಣ್ಯದ ಒಳಗೆ ಗಾಳ ಬೇಡ ಅಂತ ಅದನ್ನೂ ನಿಲ್ಲಿಸಿದರು. ಗಾಳದವರು ಇದ್ದಾಗ ಕಳ್ಳ ಬೇಟೆಗಾರರು ಹೆದರುತ್ತಿದ್ದರು ಅಂತ ನನ್ನ ನಂಬಿಕೆ.

ಕೆರೆ_ಕಾವಲು
ಆ ವಾದಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಶುರು ಮಾಡಿದರೆ ಬೆಳಗಾಗುತ್ತದೆ.

ಎರೆಹುಳ_ಏಜೆಂಟ್
ಎಲ್ಲಾ ಸರಿ, ಎರೆಹುಳಕ್ಕೆ ಯಾರೂ ಬೆಲೆ ಕೊಡುತ್ತಿಲ್ಲ. ಗೊದ್ದಲೆ, ಗಿರ್ಲು, ಮುರುಗೋಡು, ಚೇಳು ಮೀನು, ಎಲ್ಲಕ್ಕೂ ಎರೆಹುಳ. ತಿಪ್ಪೆಯ ಕೆಂಪು ಹುಳ ಹಾಕಿ, ನಾಲ್ಕೈದು ಒಟ್ಟಿಗೆ ಗೊಂಚಲು ಮಾಡಿ. ತಂದ ಹುಳವನ್ನು ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿ ನೆರಳಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ದಡ ಮುಟ್ಟುವಾಗ ಸಾರು ಆಗಿರುತ್ತದೆ.

ಸುಮ್ನೆ_ಓದುವವಳು
ಚೇಳು ಮೀನು ಅಂದಿರಲ್ಲ, ನಮ್ಮ ತಮ್ಮನಿಗೆ ಅದು ಚುಚ್ಚಿ ಕೈ ಊದಿಕೊಂಡಿತ್ತು. ಮನೆಯಲ್ಲಿ ಸುಣ್ಣ ಹಚ್ಚಿದರು. ಅದು ಸರೀನಾ?

ಮೀನು_ಕಾಲೇಜು
ಸುಣ್ಣ ಬೇಡ ಮೇಡಂ. ಆ ಮೀನಿನ ಎದೆ ರೆಕ್ಕೆಯ ಮುಳ್ಳಿನಲ್ಲಿ ವಿಷ ಇರುತ್ತದೆ, ಅದು ಶಾಖಕ್ಕೆ ಕೆಡುವಂಥದ್ದು. ಗಾಯ ತೊಳೆದು, ಕೈಯನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅದ್ದಿಟ್ಟರೆ ನೋವು ಇಳಿಯುತ್ತದೆ. ಸುಡುವ ನೀರು ಬೇಡ, ಚುಚ್ಚಿಸಿಕೊಳ್ಳದ ಇನ್ನೊಂದು ಕೈಯಲ್ಲಿ ಬಿಸಿ ನೋಡಿಕೊಳ್ಳಿ. ಮುಳ್ಳು ಮುರಿದು ಒಳಗೆ ಉಳಿದಿದ್ದರೆ, ಊತ ಏರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಗೊರೂರು_ಹಿನ್ನೀರು
ಬಂದೆ. ಮಲ್ನಾಡಿನವರೇ, ಈಗಿನದು ಮಳೆ ಇಳಿದ ಮೇಲಿನ ಮಾತೇ, ನೀರು ತಿಳಿಯಾಗಿದೆ. ನಿನ್ನೆ ಸಂಜೆ ಜಿಲೇಬಿ ಮರಿ ಚುಚ್ಚಿ, ಬೆಂಡು ಕಟ್ಟಿ ಬಿಟ್ಟೆ. ಕತ್ತಲಾಗುತ್ತಿದ್ದ ಹಾಗೆ ಬೆಂಡು ಅಡ್ಡಡ್ಡ ಓಡಿ, ನಿಂತು, ಮತ್ತೆ ಓಡಿತು. ಎಳೆದೆ. ಒಂದು ಗಳಿಗೆ ಭಾರ ಸಿಕ್ಕಿತು, ಆಮೇಲೆ ಖಾಲಿ. ತಂಗೂಸು ದಾರದ ತುದಿ ಬ್ಲೇಡಿನಲ್ಲಿ ಕೊಯ್ದ ಹಾಗಿತ್ತು.

ತುಂಗಾತೀರ
ಬಾಳೆಯೇ ಅದು! ಹಲ್ಲಿಗೆ ದಾರ ಹೋಗಿದೆ. ಗಾಳಕ್ಕೂ ದಾರಕ್ಕೂ ನಡುವೆ ಒಂದಡಿ ಸ್ಟೀಲ್ ತಂತಿ ಬೇಕೇ ಬೇಕು.

ಇನ್ನೊಂದು, ಮೊದಲ ಓಟಕ್ಕೆ ಎಳೆಯಬೇಡಿ. ಬಾಳೆಯು ಮರಿಯನ್ನು ಅಡ್ಡಲಾಗಿ ಕಚ್ಚಿಕೊಂಡು ಓಡುತ್ತದೆ, ನಿಂತು ತಲೆ ಕಡೆಯಿಂದ ತಿರುಗಿಸಿ ನುಂಗುತ್ತದೆ. ಆ ನಿಲ್ಲುವ ಹೊತ್ತಿನಲ್ಲಿ ದಾರ ಸಡಿಲ ಬಿಡಿ. ಎರಡನೇ ಓಟಕ್ಕೆ ಎಳೆಯಿರಿ.

ಆಸ್ಟಿನ್_ಅಣ್ಣ
ಸರ್ಕಲ್ ಹುಕ್ ಹಾಕಿದರೆ ಎಳೆಯುವುದೇ ಬೇಡ. ಮೊನೆ ಒಳಕ್ಕೆ ಬಾಗಿರುವ ಗಾಳ ಅದು. ಮೀನು ಓಡುವಾಗ ದಾರ ಬಿಗಿಯಾದರೆ ಸಾಕು, ತಾನಾಗಿ ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ. ಹೊಟ್ಟೆಗೆ ಹೋಗುವುದು ಕಮ್ಮಿ, ಹಾಗಾಗಿ ಚಿಕ್ಕದು ಬಂದರೆ ಜೀವಂತ ಬಿಡಬಹುದು.

ಹೊಸಪೇಟೆ_ಹೈದ
ಎರಡನೇ ಓಟದವರೆಗೂ ಕಾಯುವಷ್ಟು ತಾಳ್ಮೆ ಇದ್ದಿದ್ದರೆ ನಾವು ಗಾಳ ಬಿಟ್ಟು ತಪಸ್ಸು ಮಾಡ್ತಿದ್ವಿ ಬಿಡ್ರಿ.

ಗೊರೂರು_ಹಿನ್ನೀರು
ಸ್ಟೀಲ್ ತಂತಿ ಹಾಸನದಲ್ಲಿ ಎಲ್ಲಿ ಸಿಗುತ್ತದೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಬೇಲಿ ಕಟ್ಟುವ ಬೈಂಡಿಂಗ್ ವೈರ್ ಕೊಟ್ಟರು.

ಬೆಂಗ್ಳೂರ್_ರಾಡ್
ಬೈಂಡಿಂಗ್ ವೈರ್ ಬೇಡ, ಎರಡು ಸಲ ಬಾಗಿದರೆ ತುಂಡಾಗುತ್ತದೆ. ಸಂಗೀತ ಸಾಮಾನಿನ ಅಂಗಡಿಗೆ ಹೋಗಿ ಗಿಟಾರ್ ತಂತಿ ಕೇಳಿ, ಸುತ್ತು ಇಲ್ಲದ ಸಾದಾ ಸ್ಟೀಲ್ ತಂತಿ. ಅತಿ ತೆಳುವಾದದ್ದು ಬೇಡ. ಗಂಟು ನಿಲ್ಲುವುದಿಲ್ಲ, ಗಾಳದ ಕಣ್ಣಿಗೆ ದಾಟಿಸಿ ಅದರ ಮೇಲೇ ಏಳೆಂಟು ಸುತ್ತು ಬಿಗಿಯಾಗಿ ಹೊಸೆಯಬೇಕು. ಇನ್ನೊಂದು ತುದಿಗೆ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ, ಇಲ್ಲದಿದ್ದರೆ ಜಿಲೇಬಿ ತಿರುಗಿ ತಿರುಗಿ ದಾರ ಮುರಿ ಹಾಕುತ್ತದೆ.

ಗೊರೂರು_ಹಿನ್ನೀರು
ಗಿಟಾರ್ ತಂತಿ! ಅಣ್ಣನ ಮಗನ ಗಿಟಾರ್ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ.

ಸುಮ್ನೆ_ಓದುವವಳು
ಅವನನ್ನು ಕೇಳಿ ತಗೊಳ್ಳಿ!

ಕಾರ್ಮಿಕ_ಕಾಲೋನಿ
ಬಾಳೆ ಸಿಕ್ಕರೆ ಸಾರು ಹೇಗೆ ಮಾಡುತ್ತೀರಿ? ಪೊರೆ ಇಲ್ಲ, ಮೈಯೆಲ್ಲಾ ಲೋಳೆ.

ಅರಕಲಗೂಡು_ಅಣ್ಣಯ್ಯ
ಒಲೆ ಬೂದಿ, ಕಲ್ಲುಪ್ಪು ಹಾಕಿ ಉಜ್ಜಿ. ಬೂದಿ ಇಲ್ಲದ ಮನೆಯಲ್ಲಿ ಹುಣಸೆಹಣ್ಣಿನ ಗಸಿ. ಲೋಳೆ ಹೋಗುವವರೆಗೂ ಕತ್ತರಿಸಬೇಡಿ, ಕೈಯಿಂದ ಜಾರುತ್ತದೆ. ಸಣ್ಣ ಮುಳ್ಳು ಕಮ್ಮಿ, ನೋಡಿಕೊಂಡು ಮಕ್ಕಳಿಗೂ ಕೊಡಬಹುದು. ಖಾರ ಸ್ವಲ್ಪ ಮುಂದಿರಲಿ.

ಎರೆಹುಳ_ಏಜೆಂಟ್
ಗಿರ್ಲು ಸಾರಿನ ಮುಂದೆ ಬಾಳೆ ಏನೂ ಅಲ್ಲ.

ಮಂಡ್ಯ_ನಾಲೆ
ಇದೊಂದು ಒಪ್ಪುತ್ತೇನೆ.